ನಿಲ್ಲಿಸಿಟ್ಟ ಹಳೆಯ ಕಾರಿಗೆ ಇಲಿ ಸೇರದಂತೆ ನೋಡಿಕೊಳ್ಳುವುದು ಹೇಗೆ?

ತಿಂಗಳುಗಟ್ಟಲೆ ನಿಂತಿದ್ದ ಕಾರಿನಲ್ಲಿ ಇಲಿ ಸೇರಿದೆ ಎಂಬುದು ಮೊದಲು ಗೊತ್ತಾಗುವುದು ಮೂಗಿಗೆ. ಸೀಟು ಸರಿಯಾಗಿರುತ್ತದೆ, ಕಾರ್ಪೆಟ್ ಸರಿಯಾಗಿರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ. ಬಾಗಿಲು ತೆರೆದ ಕ್ಷಣಕ್ಕೆ ಮಾತ್ರ ಮೂತ್ರದ ಘಾಟು ಮುಖಕ್ಕೆ ಹೊಡೆಯುತ್ತದೆ. ನನ್ನ ಕಾರಿನಲ್ಲಿ ಆ ಘಾಟಿನ ಮೂಲ ಹುಡುಕಲು ಎರಡು ದಿನ ಹಿಡಿಯಿತು. ಡ್ಯಾಶ್‌ಬೋರ್ಡಿನ ಕೆಳಗಿನ ಹೀಟರ್ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಸೀಟಿನಿಂದ ಕಿತ್ತ ನಾರು, ಬಾನೆಟ್ ಅಡಿಯ ಫೆಲ್ಟ್ ಎಂಬ ದಪ್ಪ ನಾರುಬಟ್ಟೆಯ ಚೂರು, ರಾಶಿ ಹಿಕ್ಕೆ, ಒಣಗಿಹೋದ ಎರಡು ಮರಿಗಳು. ಪೆಟ್ಟಿಗೆಯ ತಳದ ತಗಡು ಮೂತ್ರದಲ್ಲಿ ನೆನೆದು ತುಕ್ಕು ಹಿಡಿದು ಜರಡಿಯಾಗಿತ್ತು. ಆ ಭಾಗವನ್ನು ಈಗ ಯಾರೂ ತಯಾರಿಸುವುದಿಲ್ಲ.

ಹೊಸ ಕಾರಿನ ವೈರು ಕಡಿದರೆ ದುಡ್ಡು ಹೋಗುತ್ತದೆ. ಐವತ್ತು ವರ್ಷದ ಕಾರಿನ ಮೂಲ ಸೀಟು, ಮೂಲ ವೈರಿಂಗ್ ಹೋದರೆ ದುಡ್ಡು ಕೊಟ್ಟರೂ ಅದೇ ವಸ್ತು ಮರಳುವುದಿಲ್ಲ. ಆ ಹೀಟರ್ ಪೆಟ್ಟಿಗೆಯ ನಂತರ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಹೆಚ್ಚಿನ ಕೆಲಸ ಇರುವುದು ಶೆಡ್ಡಿನಲ್ಲಿ. ಕಾರಿನ ಚಕ್ರದವರೆಗೆ ಬಂದ ಇಲಿಯನ್ನು ತಡೆಯುವುದು ಬಹಳ ಕಷ್ಟ. ಶೆಡ್ಡಿನ ಹೊಸ್ತಿಲಲ್ಲೇ ತಡೆಯುವುದು ಎಷ್ಟೋ ಸುಲಭ.

ಇಲಿಯ ಅಳತೆ, ಇಲಿಯ ಅಭ್ಯಾಸ

ತಲೆಬುರುಡೆ ತೂರಿದ ಕಡೆ ಇಲಿಯ ಮೈಯೂ ತೂರುತ್ತದೆ. ಎಳೆಯ ಮನೆ ಇಲಿಗೆ ಸುಮಾರು 6 ಮಿಲಿಮೀಟರಿನ ಸಂದು ಸಾಕು. ಒಂದು ಪೆನ್ಸಿಲನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಅದು ಹೊಕ್ಕುವ ರಂಧ್ರದಲ್ಲಿ ಇಲಿಯೂ ಹೊಕ್ಕುತ್ತದೆ ಎಂದು ಲೆಕ್ಕ ಹಾಕಿ. ಇಟ್ಟಿಗೆ ಗೋಡೆ, ಮರ, ಹಗ್ಗ, ವೈರು, ಟೈರು ಇವೆಲ್ಲ ಅದಕ್ಕೆ ಏಣಿ. ನಿಂತಲ್ಲಿಂದ ಸುಮಾರು 30 ಸೆಂಟಿಮೀಟರ್ ನೆಗೆಯುತ್ತದೆ. ಅದಕ್ಕೆ ಹತ್ತಲಾಗದ್ದು ನುಣುಪಾದ ನೆಟ್ಟಗಿನ ತಗಡು ಮಾತ್ರ. ಮುಂಬಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಕಡಿಯದೆ ಅದು ಇರಲಾರದು. ಮರ, ರಬ್ಬರ್, ಪ್ಲಾಸ್ಟಿಕ್, ಫೋಮ್ ಯಾವುದೂ ಅದಕ್ಕೆ ಲೆಕ್ಕವಿಲ್ಲ.

ದಿನಕ್ಕೆ ಮೂರು ಗ್ರಾಂ ಆಹಾರ ಸಿಕ್ಕರೆ ಅದರ ಹೊಟ್ಟೆ ತುಂಬುತ್ತದೆ. ನೀರಿಗಾಗಿ ಅಲೆಯಬೇಕಾಗಿಲ್ಲ, ಆಹಾರದಲ್ಲಿರುವ ತೇವದಲ್ಲೇ ಬಹುಮಟ್ಟಿಗೆ ಕಾಲ ಹಾಕುತ್ತದೆ. ಗರ್ಭದ ಅವಧಿ ಸುಮಾರು ಮೂರು ವಾರ, ಒಂದು ಸಲಕ್ಕೆ ಐದಾರು ಮರಿ, ಆ ಮರಿಗಳು ಆರೇಳು ವಾರಕ್ಕೆ ತಾವೇ ಗರ್ಭ ಧರಿಸಲು ಸಿದ್ಧ. ಕಾರು ನಿಲ್ಲಿಸಿದ ವಾರದಲ್ಲಿ ಒಂದು ಬಸುರಿ ಇಲಿ ಒಳಸೇರಿದರೆ ಮೂರು ತಿಂಗಳ ನಂತರ ಒಂದು ಸಂಸಾರವೇ ನಿಮ್ಮನ್ನು ಎದುರುಗೊಳ್ಳುತ್ತದೆ.

ಇನ್ನೊಂದು ವಿಷಯ ಬಹಳ ಉಪಯೋಗಕ್ಕೆ ಬರುತ್ತದೆ. ಮನೆ ಇಲಿ ಗೂಡಿನಿಂದ ದೂರ ಹೋಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಹತ್ತು ಮೀಟರಿನೊಳಗೆ ಅದರ ಲೋಕ ಮುಗಿಯುತ್ತದೆ. ಕಾರಿನಲ್ಲಿ ಗೂಡಿದೆ ಎಂದರೆ ಅದರ ಊಟವೂ ಅದೇ ಶೆಡ್ಡಿನಲ್ಲಿ ಅಥವಾ ಗೋಡೆಯ ಆಚೆ ಇದೆ ಎಂದೇ ಅರ್ಥ.

ಹಳೆಯ ಕಾರು ಇಲಿಗೆ ಇಷ್ಟು ಹಿಡಿಸುವುದಕ್ಕೂ ಕಾರಣವಿದೆ. ಸೀಟಿನೊಳಗೆ ಕುದುರೆ ಕೂದಲು, ಹತ್ತಿ, ತೆಂಗಿನ ನಾರು. ಕಾರ್ಪೆಟ್ ಅಡಿಯಲ್ಲಿ ಸೆಣಬಿನ ಫೆಲ್ಟ್. ವೈರಿನ ಮೇಲೆ ಹತ್ತಿ ನೂಲಿನ ಹೆಣಿಗೆ. ಗೂಡಿಗೆ ಬೇಕಾದ ಹಾಸಿಗೆಯೆಲ್ಲ ಒಂದೇ ಸೂರಿನಡಿ ಸಿಗುತ್ತದೆ. ಅಪಾಯವೂ ಹಳೆಯ ಕಾರಿನಲ್ಲೇ ಹೆಚ್ಚು. ಮಾರಿಸ್ ಮೈನರ್, ಮೊದಲ ವರ್ಷಗಳ ಎಂಜಿಬಿಯಂಥ ಕಾರುಗಳಲ್ಲಿ ಇದ್ದದ್ದು ಎರಡೇ ಫ್ಯೂಸ್. ಇಗ್ನಿಷನ್, ಹೆಡ್‌ಲೈಟುಗಳ ತಂತಿಗೆ ಫ್ಯೂಸಿನ ಕಾವಲೇ ಇರಲಿಲ್ಲ. ಅಲ್ಲಿ ಬರಿದಾದ ತಂತಿ ಬಾಡಿಗೆ ತಾಗಿದರೆ ಬೆಂಕಿ ಹತ್ತುವವರೆಗೆ ತಡೆಯುವವರಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ತಂಪಾಗುವುದು ಗಾಳಿಯಿಂದ. ಸಿಲಿಂಡರುಗಳ ಮೇಲೆ ಗಾಳಿ ಹಾಯಿಸುವ ತಗಡಿನ ಗೂಡಿನೊಳಗೆ ಇಲಿ ಮನೆ ಕಟ್ಟಿದರೆ ಗಾಳಿ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ, ಒಣ ನಾರು ಅಲ್ಲೇ ಇರುತ್ತದೆ.

ಮೊದಲ ಹಂತ: ಶೆಡ್ಡನ್ನು ಬಿಗಿ ಮಾಡುವುದು

ಹಗಲಿನಲ್ಲಿ ಶೆಡ್ಡಿನ ಬಾಗಿಲು ಹಾಕಿ, ದೀಪ ಆರಿಸಿ, ಐದು ನಿಮಿಷ ಒಳಗೆ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬೆಳಕು ಎಲ್ಲೆಲ್ಲಿ ತೂರಿಬರುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ನಂತರ ಹೊರಗೆ ಹೋಗಿ ಗೋಡೆಯ ಸುತ್ತ ಮೊಣಕಾಲೂರಿ ನೋಡಿ. ಗೋಡೆಗೂ ನೆಲಕ್ಕೂ ನಡುವಿನ ಬಿರುಕು, ವಿದ್ಯುತ್ ಕೇಬಲ್ ಮತ್ತು ನೀರಿನ ಪೈಪು ಒಳಬರುವ ಜಾಗ, ಮಾಡು ಗೋಡೆಯ ಮೇಲೆ ಕೂರುವ ಸಾಲು, ಅಲೆಅಲೆಯಾದ ಶೀಟಿನ ತುದಿಗಳು ಇವು ಸಾಮಾನ್ಯ ದಾರಿಗಳು. ಅತಿ ದೊಡ್ಡ ದಾರಿ ಮಾತ್ರ ಬಾಗಿಲೇ. ಶಟರಿನ ಎರಡು ಕೆಳಮೂಲೆಗಳಲ್ಲಿ ರಬ್ಬರ್ ಪಟ್ಟಿ ಮಡಚಿಕೊಂಡು ಹೆಬ್ಬೆರಳು ಹಿಡಿಸುವ ಸಂದು ಬಿಡುತ್ತದೆ, ನಾವು ನಿಂತ ಎತ್ತರದಿಂದ ಅದು ಕಾಣುವುದೇ ಇಲ್ಲ.

ಮುಚ್ಚಲು ಏನು ಬಳಸುತ್ತೀರಿ ಎಂಬುದು ಮುಖ್ಯ. ಉಬ್ಬುವ ಫೋಮ್ ಒಂದನ್ನೇ ತುಂಬಿಸಿದರೆ ಇಲಿ ಒಂದು ರಾತ್ರಿಯಲ್ಲಿ ಅದರೊಳಗೆ ಸುರಂಗ ಕೊರೆಯುತ್ತದೆ. ಸಣ್ಣ ರಂಧ್ರಕ್ಕೆ ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ನಾರನ್ನೋ ತಾಮ್ರದ ಜಾಲರಿಯನ್ನೋ ಬಿಗಿಯಾಗಿ ತುರುಕಿ, ಮೇಲೆ ಸೀಲೆಂಟ್ ಹಚ್ಚಿ. ಸಾಧಾರಣ ಉಕ್ಕಿನ ನಾರು ಬೇಡ, ಒಂದೆರಡು ಮಳೆಗೆ ತುಕ್ಕು ಹಿಡಿದು ಪುಡಿಯಾಗುತ್ತದೆ. ದೊಡ್ಡ ರಂಧ್ರಕ್ಕೆ ಸಿಮೆಂಟ್ ಗಾರೆ ಅಥವಾ ತಗಡು. ಗಾಳಿಕಿಂಡಿಗಳನ್ನು ಮಾತ್ರ ಎಂದೂ ಮುಚ್ಚಿಬಿಡಬೇಡಿ. ಗಾಳಿಯಾಡದ ಶೆಡ್ಡಿನಲ್ಲಿ ಇಲಿಯ ಕೆಲಸವನ್ನು ತುಕ್ಕು ಮಾಡುತ್ತದೆ. ಕಣ್ಣಿನ ಅಳತೆ 6 ಮಿಲಿಮೀಟರಿಗಿಂತ ಕಡಿಮೆ ಇರುವ ತಂತಿ ಜಾಲರಿಯನ್ನು ಕಿಂಡಿಗೆ ಬಡಿಯಿರಿ. ಮರದ ಬಾಗಿಲಿನ ಕೆಳ ಅಂಚಿಗೆ ಎರಡೂ ಬದಿಯಲ್ಲಿ ತಗಡಿನ ಪಟ್ಟಿ ಬಡಿದರೆ ಕಡಿಯಲು ಹಲ್ಲಿಗೆ ಹಿಡಿತ ಸಿಗುವುದಿಲ್ಲ.

ಹೊರಗೋಡೆಯ ಸುತ್ತ ಅರ್ಧ ಮೀಟರ್ ಜಾಗ ಬೋಳಾಗಿರಲಿ. ಇಲಿ ಬಯಲಿನಲ್ಲಿ ಓಡಲು ಹೆದರುತ್ತದೆ. ಗೋಡೆಗೆ ಒರಗಿಸಿದ ಸೌದೆ, ಪೊದೆ, ಹಳೆಯ ಹಲಗೆಗಳ ರಾಶಿ ಅದಕ್ಕೆ ಸೂರು ಹೊದಿಸಿದ ರಸ್ತೆ ಇದ್ದಂತೆ.

ಎರಡನೆಯ ಹಂತ: ಊಟ ಮತ್ತು ಹಾಸಿಗೆ ಎರಡನ್ನೂ ತೆಗೆಯುವುದು

ಹಕ್ಕಿಗೆ ಹಾಕುವ ಕಾಳು, ನಾಯಿಯ ಆಹಾರ, ಬಿತ್ತನೆ ಬೀಜ, ಗೊಬ್ಬರಕ್ಕೆ ಇಟ್ಟ ಹಿಂಡಿ ಇವು ಶೆಡ್ಡಿನಲ್ಲಿ ಇರಲೇಬೇಕಾದರೆ ಮುಚ್ಚಳ ಗಟ್ಟಿಯಾಗಿರುವ ಲೋಹದ ಡಬ್ಬದಲ್ಲಿ ಇರಲಿ. ಸೋಪು, ಮೇಣದ ಬತ್ತಿಗಳನ್ನೂ ಇಲಿ ತಿನ್ನುತ್ತದೆ ಎಂಬುದನ್ನು ಮರೆಯಬೇಡಿ. ರಟ್ಟಿನ ಪೆಟ್ಟಿಗೆ, ಹಳೆಯ ಪತ್ರಿಕೆ, ಒರೆಸುವ ಬಟ್ಟೆಯ ಗಂಟುಗಳನ್ನು ಹೊರಗೆ ಸಾಗಿಸಿ. ಬಿಡಿಭಾಗಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟು ಕಾರಿನ ಪಕ್ಕ ಪೇರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅವನ್ನು ಮುಚ್ಚಳವಿರುವ ಗಟ್ಟಿ ಡಬ್ಬಗಳಿಗೆ ವರ್ಗಾಯಿಸಿ, ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಗೇಣು ದೂರದಲ್ಲಿಡಿ.

ಕಾರಿನೊಳಗೂ ಇದೇ ಲೆಕ್ಕ. ಸೀಟನ್ನು ಹಳಿಯಿಂದ ಬಿಚ್ಚಿ ತೆಗೆದು ಅಡಿಯಲ್ಲಿ ವ್ಯಾಕ್ಯೂಮ್ ಹಾಕಿ. ಯಾವುದೋ ಪ್ರವಾಸದ ಬಿಸ್ಕತ್ತಿನ ಪುಡಿ ಸೀಟಿನ ಮಡಿಕೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಗ್ಲೋವ್ ಬಾಕ್ಸಿನ ಕಾಗದ, ಡಿಕ್ಕಿಯ ಕಂಬಳಿ, ಟಿಶ್ಯೂ ಡಬ್ಬಿ ಎಲ್ಲ ಹೊರಗೆ ಬರಲಿ. ವಾಹನದ ಮೂಲ ದಾಖಲೆ, ಕೈಪಿಡಿಗಳನ್ನು ಮನೆಯೊಳಗಿಡಿ. ಗೂಡಿಗಾಗಿ ಚೂರಾಗಿ ಹೋದ ಕೈಪಿಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯ ಹಂತ: ಕಾರಿನ ಬಾಯಿಗಳನ್ನು ಮುಚ್ಚುವುದು

ಒಂದು ಕಾಗದ ತೆಗೆದುಕೊಂಡು, ಮುಚ್ಚುವ ಪ್ರತಿಯೊಂದು ಜಾಗವನ್ನೂ ಬರೆಯುತ್ತಾ ಹೋಗಿ. ಈ ಕಾಗದ ಕೊನೆಯಲ್ಲಿ ಸ್ಟೀರಿಂಗಿಗೆ ಕಟ್ಟಲು ಬೇಕು.

ಸೈಲೆನ್ಸರ್ ಕೊಳವೆಯ ಬಾಯಿಗೆ ತಂತಿ ಜಾಲರಿಯ ಟೋಪಿ ಮಾಡಿ ಕ್ಲಿಪ್ ಬಿಗಿಯಿರಿ. ತೆಗೆಯಲು ಮರೆಯದಂತೆ ಅದಕ್ಕೆ ಉದ್ದನೆಯ ಕೆಂಪು ರಿಬ್ಬನ್ ಇಳಿಬಿಡಿ. ಏರ್ ಫಿಲ್ಟರಿನ ಗಾಳಿ ಎಳೆಯುವ ಕೊಳವೆಗೂ ಜಾಲರಿಯೇ ಇರಲಿ. ಅಲ್ಲಿ ಸ್ಟೀಲ್ ನಾರು ತುರುಕುವುದನ್ನು ನಾನು ಒಪ್ಪುವುದಿಲ್ಲ. ಅದರ ಒಂದು ಎಳೆ ಉದುರಿ ಕಾರ್ಬ್ಯುರೇಟರಿನ ಮೂಲಕ ಸಿಲಿಂಡರಿಗೆ ಇಳಿದರೆ ಆಗುವ ಹಾನಿಗೆ ಇಲಿಯನ್ನು ದೂರುವಂತಿಲ್ಲ. ಬ್ಯಾಟರಿ ಇರುವ ಕಡೆಗೂ ಲೋಹದ ನಾರು ಸುಳಿಯಬಾರದು.

ಗಾಜಿನ ಕೆಳಗೆ, ವೈಪರ್ ಇರುವ ಕಡೆ ಹೀಟರಿಗೆ ಗಾಳಿ ಹೋಗುವ ಜಾಲಿಕಿಂಡಿ ಇರುತ್ತದೆ. ನನ್ನ ಕಾರಿಗೆ ಇಲಿ ಹೊಕ್ಕಿದ್ದು ಅಲ್ಲಿಂದಲೇ. ಜಾಲರಿಯನ್ನು ಆ ಆಕಾರಕ್ಕೆ ಕತ್ತರಿಸಿ, ಅಂಚುಗಳಿಗೆ ಬಟ್ಟೆಯ ಟೇಪ್ ಸುತ್ತಿ, ಬಣ್ಣಕ್ಕೆ ಗೀರು ಬೀಳದಂತೆ ಕೂರಿಸಿ. ಡ್ಯಾಶ್‌ಬೋರ್ಡಿನ ಗಾಳಿ ಗುಂಡಿಯನ್ನು ಮುಚ್ಚಿದ ಸ್ಥಿತಿಗೆ ತಿರುಗಿಸಿ. ಕಿಟಕಿಗಳು ಪೂರ್ತಿ ಮೇಲಿರಲಿ. ಗಾಳಿಯಾಡಲಿ ಎಂದು ಒಂದು ಬೆರಳಿನಷ್ಟು ಇಳಿಸುವವರಿದ್ದಾರೆ, ಆ ಒಂದು ಬೆರಳೇ ಇಲಿಗೆ ಹೆಬ್ಬಾಗಿಲು.

ನಂತರ ಕಾರಿನ ಅಡಿಗೆ ಹೋಗಿ. ಪೆಡಲುಗಳು, ಕೇಬಲ್ಲುಗಳು, ವೈರಿನ ಕಟ್ಟು, ಸ್ಟೀರಿಂಗ್ ಕಂಬ ಇವು ತಗಡನ್ನು ದಾಟುವ ಕಡೆಯೆಲ್ಲ ರಬ್ಬರಿನ ಬಳೆ ಇರುತ್ತದೆ. ದಶಕಗಳಲ್ಲಿ ಅದು ಒಣಗಿ, ಸೀಳಿ, ಎಷ್ಟೋ ಸಲ ಬಿದ್ದೇಹೋಗಿರುತ್ತದೆ. ಗೇರ್ ಕೋಲಿನ ರಬ್ಬರ್ ಚೀಲ, ನೆಲದ ನೀರು ಬಸಿಯುವ ಬಿರಡೆಗಳನ್ನೂ ನೋಡಿ. ಇವು ಅಗ್ಗದ ಭಾಗಗಳು, ಬೇಸರ ಮಾಡಿಕೊಳ್ಳದೆ ಹೊಸದು ಹಾಕಿ. ಬಾಗಿಲಿನ ಕೆಳಗಿನ ನೀರು ಹೋಗುವ ಸಣ್ಣ ರಂಧ್ರಗಳನ್ನು ಮಾತ್ರ ಮುಟ್ಟಬೇಡಿ.

ಬ್ಯಾಟರಿಯನ್ನು ಹೊರತೆಗೆಯುವುದೇ ಒಳ್ಳೆಯದು. ಮೊದಲು ಕಳಚಬೇಕಾದದ್ದು ಬಾಡಿಗೆ ಜೋಡಿಸಿರುವ ತಂತಿ. ಅನೇಕ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅದು ಧನ (ಪ್ಲಸ್) ತುದಿ ಎಂಬುದು ನೆನಪಿರಲಿ. ಬ್ಯಾಟರಿಯನ್ನು ಮೇಜಿನ ಮೇಲೆ ಚಾರ್ಜಿಗೆ ಹಾಕಿ. ಕಾರಿನಲ್ಲಿ ವಿದ್ಯುತ್ತೇ ಇಲ್ಲದಿದ್ದರೆ ಇಲಿ ವೈರು ಕಡಿದರೂ ಕಿಡಿ ಹಾರುವುದಿಲ್ಲ.

ಹೊದಿಕೆಯ ಬಗ್ಗೆ ಒಂದು ಮಾತು. ನೆಲಕ್ಕೆ ಇಳಿಬಿದ್ದ ಹೊದಿಕೆ ಕತ್ತಲೆಯನ್ನೂ ಏಣಿಯನ್ನೂ ಒಟ್ಟಿಗೆ ಒದಗಿಸುತ್ತದೆ. ಧೂಳಿಗೆ ಬೇಕೇಬೇಕಾದರೆ ಉಸಿರಾಡುವ ಬಟ್ಟೆಯ ಹೊದಿಕೆ ಹಾಕಿ, ಅಂಚನ್ನು ನೆಲದಿಂದ ಮೇಲಕ್ಕೆ ಕಟ್ಟಿ. ಇಲಿ ಬರಬಾರದೆಂದು ಇಡೀ ಕಾರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಒಳಗಿನ ತೇವ ತಗಡನ್ನು ತಿನ್ನುತ್ತದೆ. ನನ್ನ ಅನುಭವದಲ್ಲಿ ಬಾನೆಟ್ ತೆರೆದಿಡುವುದರಿಂದ ಲಾಭವಿದೆ. ಬೆಚ್ಚಗಿನ ಕತ್ತಲೆಯ ಗುಹೆಯಾಗಿದ್ದ ಜಾಗ ಬಯಲಾದರೆ ಇಲಿಗೆ ಅಲ್ಲಿ ನೆಮ್ಮದಿ ಇರುವುದಿಲ್ಲ.

ಶೆಡ್ಡು ನಿಮ್ಮದಲ್ಲದಿದ್ದರೆ, ಅದನ್ನು ಬಿಗಿ ಮಾಡಲು ಸಾಧ್ಯವೇ ಇಲ್ಲದಿದ್ದರೆ, ಕಾರಿನ ಸುತ್ತಲೇ ಬೇಲಿ ಹಾಕಬಹುದು. 45ರಿಂದ 60 ಸೆಂಟಿಮೀಟರ್ ಎತ್ತರದ ನುಣುಪು ತಗಡನ್ನು ನಾಲ್ಕೂ ಕಡೆ ನಿಲ್ಲಿಸಿ, ಸಂದುಗಳಲ್ಲಿ ಒಂದರ ಮೇಲೊಂದು ಬರುವಂತೆ ಜೋಡಿಸಿ, ಬುಡ ನೆಲಕ್ಕೆ ಕೂರುವಂತೆ ನೋಡಿಕೊಳ್ಳಿ. ಬೇಲಿಗೆ ಯಾವುದೂ ಒರಗಿರಬಾರದು, ಮೇಲಿನಿಂದ ವೈರು ಹಗ್ಗ ಇಳಿಬಿದ್ದಿರಬಾರದು. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದರೆ ಸಾಕೆಂದು ಹೇಳುವವರಿದ್ದಾರೆ. ಟೈರಿಗೆ ಅದು ಒಳ್ಳೆಯದು, ಇಲಿಗೆ ಸ್ಟ್ಯಾಂಡಿನ ಕಾಲು ಇನ್ನೊಂದು ಕಂಬ ಅಷ್ಟೇ.

ಕೊನೆಗೆ ಆ ಕಾಗದವನ್ನು ಸ್ಟೀರಿಂಗಿಗೆ ಕಟ್ಟಿ. ಎಷ್ಟು ಮುಚ್ಚಿದ್ದೀರಿ ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಯಿರಿ.

ನಾಲ್ಕನೆಯ ಹಂತ: ಬೋನು

ಎಷ್ಟೇ ಬಿಗಿ ಮಾಡಿದರೂ ಬಾಗಿಲು ತೆರೆದ ಒಂದು ಸಂಜೆ ಇಲಿ ನುಸುಳಬಹುದು. ಆದ್ದರಿಂದ ಬೋನು ಸದಾ ಸಿದ್ಧವಿರಲಿ. ಮರದ ಹಲಗೆಯ ಸ್ಪ್ರಿಂಗ್ ಬೋನು ನೂರು ವರ್ಷಕ್ಕೂ ಹಳೆಯದು, ಈಗಲೂ ಅದನ್ನು ಮೀರಿಸಿದ್ದು ಹೆಚ್ಚಿಲ್ಲ. ಇಲಿ ಗೋಡೆಯ ಬುಡಕ್ಕೆ ಮೀಸೆ ತಾಗಿಸಿಕೊಂಡು ಓಡುತ್ತದೆ. ಬೋನನ್ನು ಗೋಡೆಗೆ ಅಡ್ಡಲಾಗಿ, ಆಹಾರ ಇಡುವ ತುದಿ ಗೋಡೆಗೆ ತಾಗುವಂತೆ ಇಡಿ. ಎರಡು ಮೂರು ಮೀಟರಿಗೆ ಒಂದರಂತೆ, ಬಾಗಿಲಿನ ಎರಡೂ ಬದಿ, ಪ್ರತಿ ಚಕ್ರದ ಹಿಂದೆ. ಬಟಾಣಿ ಗಾತ್ರಕ್ಕಿಂತ ಚಿಕ್ಕದಾಗಿ ಕಡಲೆಕಾಯಿ ಬೆಣ್ಣೆ ಮೆತ್ತಿದರೆ ಸಾಕು. ತಿನ್ನುವುದಕ್ಕೆ ಬಾರದ ಇಲಿ ಹತ್ತಿ ನೂಲಿನ ಆಸೆಗೆ ಬರುತ್ತದೆ. ಬೋನಿನ ಗುಂಡಿಗೆ ಒಂದಿಷ್ಟು ಹತ್ತಿ ಕಟ್ಟಿ ನೋಡಿ, ಎಳೆಯಲು ಹೋಗಿ ಸಿಕ್ಕಿಬೀಳುತ್ತದೆ.

ಸಣ್ಣ ಜಾತಿಯ ಈ ಮನೆ ಇಲಿಗೆ ಕುತೂಹಲ ಹೆಚ್ಚು, ಹೊಸ ವಸ್ತುವನ್ನು ಬಂದು ಮೂಸುತ್ತದೆ. ಎರಡು ಮೂರು ರಾತ್ರಿ ಬೋನು ಖಾಲಿ ಇದ್ದರೆ ಜಾಗ ಬದಲಿಸಿ. ದೊಡ್ಡ ಜಾತಿಯ ಇಲಿ ಹಾಗಲ್ಲ, ಹೊಸದನ್ನು ಕಂಡರೆ ದಿನಗಟ್ಟಲೆ ದೂರ ಇರುತ್ತದೆ. ಅದಕ್ಕೆ ದೊಡ್ಡ ಬೋನು ಬೇಕು, ಮೊದಲ ಕೆಲವು ದಿನ ಸ್ಪ್ರಿಂಗ್ ಎಳೆಯದೆ ಆಹಾರ ಮಾತ್ರ ಇಟ್ಟು ರೂಢಿ ಮಾಡಿಸಬೇಕು. ಅಂಟಿನ ಹಲಗೆಯನ್ನು ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದರ ಮೇಲೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ವಿಷ, ವಾಸನೆ, ಶಬ್ದ

ಇಲಿ ಪಾಷಾಣವನ್ನು ಕಾರಿನ ಹತ್ತಿರ ಇಡಬೇಡಿ. ಇಂದು ಹೆಚ್ಚಾಗಿ ಸಿಗುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಚಾವಣಿಯ ಬಟ್ಟೆಯ ಮೇಲೋ ಬಾಗಿಲಿನ ಪೊಳ್ಳಿನಲ್ಲೋ ಸೇರಿಕೊಂಡು ಅಲ್ಲೇ ಸತ್ತು ಕೊಳೆಯುತ್ತದೆ. ಅದನ್ನು ತಿಂದ ಗೂಬೆಗೂ ಬೆಕ್ಕಿಗೂ ವಿಷ ಏರಬಹುದು.

ನುಸಿಗುಳಿಗೆ, ಪುದೀನ ಎಣ್ಣೆ, ಪರಿಮಳದ ಸೋಪು ಇವನ್ನು ನಂಬಿ ಮೋಸ ಹೋದವರೇ ಹೆಚ್ಚು. ಹೊಸ ಘಾಟಿಗೆ ಇಲಿ ಒಂದೆರಡು ದಿನ ಹಿಂಜರಿಯಬಹುದು, ಘಾಟು ಇಳಿದಂತೆ ಮರಳುತ್ತದೆ. ನುಸಿಗುಳಿಗೆಯ ನಾಫ್ತಲೀನ್ ಉಸಿರಿಗೆ ಒಳ್ಳೆಯದಲ್ಲ, ಸೀಟಿನ ಬಟ್ಟೆಯಲ್ಲಿ ಕೂತರೆ ವರ್ಷಗಟ್ಟಲೆ ಬಿಡುವುದಿಲ್ಲ. ಕಿವಿಗೆ ಕೇಳಿಸದ ಶಬ್ದ ಹೊರಡಿಸುವ ಯಂತ್ರಗಳ ಕಥೆಯೂ ಅಷ್ಟೇ. 2001ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ, ನಿಮ್ಮ ಪ್ರಚಾರಕ್ಕೆ ವೈಜ್ಞಾನಿಕ ಆಧಾರ ಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ಆ ಶಬ್ದ ಸೀಟು, ಪೆಟ್ಟಿಗೆಗಳನ್ನು ದಾಟಿ ಹೋಗುವುದಿಲ್ಲ, ಇಲಿಗೂ ಕೆಲವು ದಿನಗಳಲ್ಲಿ ರೂಢಿಯಾಗುತ್ತದೆ. ಮೆಣಸಿನಕಾಯಿಯ ಖಾರ ಬೆರೆತ ಟೇಪನ್ನು ಹೋಂಡಾ ಕಂಪನಿ ವೈರಿಗೆ ಸುತ್ತಲೆಂದೇ ಮಾರುತ್ತದೆ. ನೂಲು ಹೆಣೆದ ಮೂಲ ವೈರಿನ ಅಂದ ಕೆಡುವುದರಿಂದ ಅದನ್ನು ಕಣ್ಣಿಗೆ ಬೀಳದ ಕಡೆ ಮಾತ್ರ ಬಳಸಿ. ಬೆಕ್ಕು ಒಳ್ಳೆಯ ಬೇಟೆಗಾರ, ಆದರೆ ಬೆಚ್ಚಗಿನ ಬಾನೆಟ್ಟಿನ ಮೇಲೆ ಮಲಗುವ ಬೆಕ್ಕಿಗೆ ಉಗುರೂ ಇರುತ್ತದೆ.

ಐದನೆಯ ಹಂತ: ಎರಡು ವಾರಕ್ಕೊಮ್ಮೆ ಭೇಟಿ

ಉಳಿದೆಲ್ಲವನ್ನೂ ಅರ್ಧಂಬರ್ಧ ಮಾಡಿದವರನ್ನೂ ಇದೊಂದು ಹಂತ ಕಾಪಾಡಬಲ್ಲದು. ಹದಿನೈದು ದಿನಕ್ಕೊಮ್ಮೆ ಹೋಗಿ, ಕಾಲು ಗಂಟೆ ಕೊಡಿ. ಬೋನು ನೋಡಿ. ಟಾರ್ಚು ಹಿಡಿದು ಏರ್ ಫಿಲ್ಟರ್, ಬಾನೆಟ್ ಅಡಿಯ ಫೆಲ್ಟ್, ಡಿಕ್ಕಿಯ ಮೂಲೆ ನೋಡಿ. ಅಕ್ಕಿಕಾಳಿನಂತೆ ತುದಿ ಚೂಪಾದ, 3ರಿಂದ 6 ಮಿಲಿಮೀಟರಿನ ಕಪ್ಪು ಹಿಕ್ಕೆ ಕಂಡರೆ ಅದು ಇಲಿಯದೇ. ಮೃದುವಾಗಿ ಹೊಳೆಯುತ್ತಿದ್ದರೆ ಹೊಸದು, ಒತ್ತಿದರೆ ಪುಡಿಯಾದರೆ ಹಳೆಯದು. ಕೈಯಿಂದ ಒತ್ತಬೇಡಿ, ಕಡ್ಡಿ ಬಳಸಿ. ಚಕ್ರಗಳ ಸುತ್ತ ತೆಳುವಾಗಿ ಟಾಲ್ಕಂ ಪುಡಿ ಉದುರಿಸಿಟ್ಟರೆ ಮುಂದಿನ ಭೇಟಿಯಲ್ಲಿ ಹೆಜ್ಜೆಗುರುತು ತಾನಾಗಿ ಸಾಕ್ಷಿ ಹೇಳುತ್ತದೆ.

ಭೇಟಿಯ ನೆಪದಲ್ಲಿ ಎಂಜಿನನ್ನು ಐದು ನಿಮಿಷ ಓಡಿಸಿ ಬರುವುದು ಬೇಡ. ಎಣ್ಣೆ ಪೂರ್ತಿ ಕಾಯುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಬೆಚ್ಚಗಾದ ಎಂಜಿನ್ ಇಲಿಯನ್ನು ಕರೆಯುತ್ತದೆ.

ಒಳಸೇರಿಬಿಟ್ಟಿದ್ದರೆ

ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಅದರ ಧೂಳಿನ ಮೂಲಕ ಹಂಟಾ ವೈರಸ್ ಹರಡಬಹುದು. ಇಲಿ ಜ್ವರ ಮೂತ್ರದಿಂದ ಬರುತ್ತದೆ. ಬಾಗಿಲುಗಳನ್ನೆಲ್ಲ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ರಬ್ಬರ್ ಕೈಗವಸು, ಒಳ್ಳೆಯ ಮಾಸ್ಕ್ ಹಾಕಿ, ಕ್ರಿಮಿನಾಶಕ ದ್ರವ ಸಿಂಪಡಿಸಿ, ಐದು ನಿಮಿಷ ನೆನೆಯಲು ಬಿಟ್ಟು ಕಾಗದದಿಂದ ಒರೆಸಿ ಚೀಲಕ್ಕೆ ಹಾಕಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರವ ಶೆಡ್ಡಿನ ನೆಲಕ್ಕೆ ಸರಿ. ಕ್ರೋಮ್, ಚರ್ಮ, ಬಟ್ಟೆಯ ಮೇಲೆ ಬ್ಲೀಚ್ ಬೀಳಬಾರದು, ಅಲ್ಲಿಗೆ ಸೌಮ್ಯವಾದ ಬೇರೆ ಕ್ರಿಮಿನಾಶಕ ಬಳಸಿ. ಮೂತ್ರ ಬಿದ್ದ ತಗಡನ್ನು ತೊಳೆದು, ಒಣಗಿಸಿ, ತುಕ್ಕು ತಡೆಯುವ ಬಣ್ಣ ಹಚ್ಚಿ. ಫೆಲ್ಟಿಗೆ ಮೂತ್ರ ಇಳಿದಿದ್ದರೆ ಅದನ್ನು ತೊಳೆದು ಉಳಿಸುವ ಆಸೆ ಬಿಡಿ. ಘಾಟು ಹೋಗುವುದಿಲ್ಲ, ಆ ಘಾಟು ಮುಂದಿನ ಇಲಿಗೆ ದಾರಿ ತೋರಿಸುತ್ತದೆ.

ಮತ್ತೆ ಚಾಲೂ ಮಾಡುವ ಮೊದಲು

ಸ್ಟೀರಿಂಗಿನ ಕಾಗದ ಬಿಚ್ಚಿ, ಬರೆದಿರುವ ಸಂಖ್ಯೆಯಷ್ಟು ಜಾಲರಿಗಳೂ ಕೈಗೆ ಬಂದವೇ ಎಂದು ಎಣಿಸಿ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಒಳಗೆ ನೋಡಿ. ಪೆಟ್ರೋಲ್ ಕೊಳವೆ, ಬ್ರೇಕಿನ ರಬ್ಬರ್ ಕೊಳವೆಗಳ ಮೇಲೆ ಹಲ್ಲಿನ ಗುರುತಿದೆಯೇ ಎಂದು ಬೆರಳಾಡಿಸಿ. ಪೆಟ್ರೋಲ್ ಕೊಳವೆಗೆ ಸಣ್ಣ ಗೀರು ಕಂಡರೂ ಬದಲಿಸಿ. ವೈರಿನ ಕಟ್ಟನ್ನು ಕಣ್ಣಿಗೆ ಕಾಣುವಷ್ಟು ದೂರ ಟಾರ್ಚಿನಲ್ಲಿ ಹಿಂಬಾಲಿಸಿ. ಬೆಂಕಿ ಆರಿಸುವ ಸಾಧನವನ್ನು ಕೈಗೆಟಕುವಂತೆ ಇಟ್ಟುಕೊಂಡು ಆಮೇಲೆ ಬ್ಯಾಟರಿ ಜೋಡಿಸಿ. ಎಂಜಿನ್ ಓಡಿದ ಮೇಲೆ ದೀಪಗಳನ್ನು ಒಂದೊಂದಾಗಿ ಹಾಕಿ ನೋಡಿ. ಹೀಟರ್ ಫ್ಯಾನನ್ನು ಎಲ್ಲಕ್ಕಿಂತ ಕೊನೆಗೆ, ಕಿಟಕಿಗಳನ್ನು ಇಳಿಸಿ, ಮುಖವನ್ನು ಗಾಳಿಯ ದಾರಿಯಿಂದ ಪಕ್ಕಕ್ಕೆ ಸರಿಸಿ ತಿರುಗಿಸಿ.

ತೆಗೆದ ಜಾಲರಿಗಳನ್ನು ಕಾಗದದೊಂದಿಗೆ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡಿ. ಯಾವುದು ಯಾವ ಬಾಯಿಗೆ ಎಂದು ಅವುಗಳ ಮೇಲೇ ಬರೆದಿದ್ದರೆ ಮುಂದಿನ ಸಲ ಈ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.